ಜೂನ್ 30ರ ಅದಲುಬದಲು: ಮಿರಾಲೆಮ್ ಪ್ಯಾನಿಚ್ ಪ್ರಕರಣ

2020ರ ಜೂನ್ 29ರಂದು ಸ್ಪೇನಿನ ಬಾರ್ಸಿಲೋನಾ ಮತ್ತು ಇಟಲಿಯ ಯುವೆಂಟಸ್ ಫುಟ್‌ಬಾಲ್ ಕ್ಲಬ್‌ಗಳು ಒಟ್ಟೊಟ್ಟಿಗೆ ಎರಡು ವರ್ಗಾವಣೆಗಳನ್ನು ಪ್ರಕಟಿಸಿದವು. ಬಾರ್ಸಿಲೋನಾದ 23 ವರ್ಷದ ಬ್ರೆಜಿಲ್ ಮಿಡ್‌ಫೀಲ್ಡರ್ ಆರ್ಥರ್ ಯುವೆಂಟಸ್‌ಗೆ. ಬೆಲೆ 7.2 ಕೋಟಿ ಯೂರೋ. ಯುವೆಂಟಸ್‌ನ 30 ವರ್ಷದ ಬೋಸ್ನಿಯಾ ಮಿಡ್‌ಫೀಲ್ಡರ್ ಮಿರಾಲೆಮ್ ಪ್ಯಾನಿಚ್ ಬಾರ್ಸಿಲೋನಾಗೆ. ಬೆಲೆ 6 ಕೋಟಿ ಯೂರೋ. ಕಾಗದದ ಮೇಲೆ ಇವು ಎರಡು ಬೇರೆ ಬೇರೆ ಒಪ್ಪಂದ. ಮೊತ್ತಗಳನ್ನು ಒಂದಕ್ಕೊಂದು ವಜಾ ಮಾಡಿದರೆ ಉಳಿಯುವ ವ್ಯತ್ಯಾಸ ಬರೀ 1.2 ಕೋಟಿ ಯೂರೋ.

ಆಗ ಎರಡೂ ದೇಶಗಳಲ್ಲಿ ಸೀಸನ್ ಮುಗಿದಿರಲಿಲ್ಲ. ಕೋವಿಡ್‌ನಿಂದ ನಿಂತಿದ್ದ ಲೀಗ್‌ಗಳು ಆಗಷ್ಟೇ ಖಾಲಿ ಸ್ಟೇಡಿಯಂಗಳಲ್ಲಿ ಮತ್ತೆ ಶುರುವಾಗಿದ್ದವು. ಸೀಸನ್ ಮುಗಿಯುವವರೆಗೆ ಇಬ್ಬರೂ ಹಳೇ ಕ್ಲಬ್‌ನಲ್ಲೇ ಆಡಬೇಕು ಅಂತ ಒಪ್ಪಂದವಾಯಿತು. ಅಂದಮೇಲೆ ಅಷ್ಟು ಅವಸರ ಯಾಕೆ? ಜೂನ್ 30ಕ್ಕೆ ಎರಡೂ ಕ್ಲಬ್‌ಗಳ ಹಣಕಾಸು ವರ್ಷ ಮುಗಿಯುತ್ತಿತ್ತು, ಅದಕ್ಕೆ.

ಈ ಒಂದು ವ್ಯವಹಾರ ಪ್ಯಾನಿಚ್ ಅವರ ವೃತ್ತಿಜೀವನವನ್ನು ಎರಡು ತುಂಡು ಮಾಡಿತು. ಅದಕ್ಕೂ ಮುಂಚಿನ 13 ವರ್ಷ ಅವರು ಒಂದೊಂದೇ ಮೆಟ್ಟಿಲು ಹತ್ತುತ್ತಾ ಬಂದಿದ್ದರು. ಅದರ ನಂತರ ಯುರೋಪಿನ ದೊಡ್ಡ ಲೀಗ್‌ಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಸೀಸನ್, ಅದೂ ಬಹುಪಾಲು ಬೆಂಚಿನ ಮೇಲೆ. ಇದನ್ನು ಬರೀ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವುದು ಸುಲಭ. ನನಗೆ ಅದು ಸರಿ ಅನ್ನಿಸುವುದಿಲ್ಲ. ಯಾಕೆ ಅಂತ ನೋಡಬೇಕಾದರೆ ಮೊದಲಿನಿಂದ ಬರಬೇಕು.

ತುಜ್ಲಾದಿಂದ ಲಕ್ಸೆಂಬರ್ಗ್

ಪ್ಯಾನಿಚ್ ಹುಟ್ಟಿದ್ದು 1990ರ ಏಪ್ರಿಲ್ 2ರಂದು, ತುಜ್ಲಾದಲ್ಲಿ. ಆಗಿನ್ನೂ ಅದು ಯುಗೊಸ್ಲಾವಿಯಾ. ಅಪ್ಪ ಫಹ್ರುದೀನ್ ಕೂಡ ಫುಟ್‌ಬಾಲ್ ಆಟಗಾರ. ಜ್ವೋರ್ನಿಕ್ ಊರಿನ ದ್ರಿನಾ ಕ್ಲಬ್‌ಗೆ ಆಡುತ್ತಿದ್ದರು. ದೇಶದ ಗಾಳಿ ಕೆಡುತ್ತಿದೆ ಅಂತ ಗೊತ್ತಾಗಿ ಹೊರಗೆ ಹೋಗಬೇಕು ಅಂದಾಗ ಕ್ಲಬ್ ಬಿಡುಗಡೆ ಪತ್ರ ಕೊಡಲಿಲ್ಲವಂತೆ. ಮುಂದೆ ಅಮ್ಮ ಕೂಸನ್ನು ಎತ್ತಿಕೊಂಡು ಕ್ಲಬ್ಬಿನ ಕಚೇರಿಗೆ ಹೋದರು. ಮಗು ಒಂದೇ ಸಮನೆ ಅಳುತ್ತಿತ್ತು. ಆ ಅಳು ನೋಡಿ ಅಧಿಕಾರಿ ಮನಸ್ಸು ಕರಗಿ ಕಾಗದಕ್ಕೆ ಸಹಿ ಹಾಕಿದರು. ಈ ಕಥೆಯನ್ನು ಪ್ಯಾನಿಚ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಅಷ್ಟರಲ್ಲಿ ಈ ಕುಟುಂಬ ಲಕ್ಸೆಂಬರ್ಗ್ ಸೇರಿತ್ತು.

ಅಲ್ಲಿ ಶಿಫ್ಲಾಂಜ್ ಅನ್ನುವ ಸಣ್ಣ ಊರು. ಅಪ್ಪ ದುಡಿಮೆಯ ಜೊತೆಗೆ ಊರಿನ ಕ್ಲಬ್‌ಗೆ ಆಡಿದರು, ಮಗ ಅಲ್ಲೇ ಚೆಂಡು ಒದೆಯಲು ಕಲಿತ. 2004ರಲ್ಲಿ, 14ನೇ ವಯಸ್ಸಿಗೆ, ಗಡಿಯಾಚೆ ಫ್ರಾನ್ಸಿನ ಮೆಟ್ಜ್ ಕ್ಲಬ್ಬಿನ ಅಕಾಡೆಮಿ ಸೇರಿದ. ಕಿರಿಯರ ತಂಡಗಳಲ್ಲಿ ಲಕ್ಸೆಂಬರ್ಗ್ ಪರ ಆಡಿದ. 2006ರಲ್ಲಿ ಅದೇ ದೇಶ ನಡೆಸಿದ 17 ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಇದ್ದ.

ಹಿರಿಯರ ತಂಡದ ಪ್ರಶ್ನೆ ಬಂದಾಗ ಮಾತ್ರ ಆಯ್ಕೆ ಬೇರೆ. ಮಾತು ಬರುವ ಮೊದಲೇ ಬಿಟ್ಟುಬಂದ ಬೋಸ್ನಿಯಾಗೆ ಆಡುತ್ತೇನೆ ಅಂದ ಆ ಹುಡುಗ. 2008ರ ಆಗಸ್ಟ್‌ನಲ್ಲಿ ಬಲ್ಗೇರಿಯಾ ವಿರುದ್ಧ ಮೊದಲ ಪಂದ್ಯ. ಮುಂದೆ ಬೋಸ್ನಿಯಾ ಪರ 100ಕ್ಕೂ ಹೆಚ್ಚು ಪಂದ್ಯಗಳಾದವು. ಬೋಸ್ನಿಯಾದ ಆ ತಲೆಮಾರಿನ ತಂಡವೇ ಹಾಗಿತ್ತು. ಮಿಸಿಮೊವಿಚ್ ಹುಟ್ಟಿದ್ದು ಮ್ಯೂನಿಕ್‌ನಲ್ಲಿ, ಕೊಲಾಶಿನಾಟ್ಸ್ ಕಾರ್ಲ್ಸ್‌ರೂಹೆಯಲ್ಲಿ. ಇಬಿಶೆವಿಚ್ ಅಮೆರಿಕದ ಸೇಂಟ್ ಲೂಯಿಸ್‌ವರೆಗೆ ಹೋಗಿ ಬಂದವರು. ಜೆಕೊ ಮುತ್ತಿಗೆಯೊಳಗಿನ ಸರಾಯೆವೊದಲ್ಲೇ ಬೆಳೆದರು. ಚದುರಿಹೋದ ಜನರ ಮಕ್ಕಳು ಒಂದು ಜೆರ್ಸಿಗಾಗಿ ಮತ್ತೆ ಸೇರಿದ್ದರು. ಪ್ಯಾನಿಚ್ ಬಗ್ಗೆ ಬರೆಯುವಾಗ ಕ್ಲಬ್‌ಗಳ ಪಟ್ಟಿಯನ್ನೇ ಹೇಳಿ ಇದನ್ನು ಬಿಟ್ಟರೆ ಅರ್ಧ ಮನುಷ್ಯನನ್ನೇ ಬಿಟ್ಟಂತೆ.

ಹೋದಲ್ಲೆಲ್ಲ ಜಾಗ ಕಾದಿತ್ತು

2007-08ರಲ್ಲಿ ಮೆಟ್ಜ್ ಪರ ಫ್ರಾನ್ಸಿನ ಮೊದಲ ದರ್ಜೆಗೆ ಬಂದರು. ತಂಡ ಪಟ್ಟಿಯ ಕೊನೆಗೆ ಬಿದ್ದು ಕೆಳಗಿಳಿಯಿತು, ಆದರೆ ಹುಡುಗ ಎಲ್ಲರ ಕಣ್ಣಿಗೆ ಬಿದ್ದಿದ್ದ. ಮರುವರ್ಷವೇ ಲಿಯಾನ್ 75 ಲಕ್ಷ ಯೂರೋ ಕೊಟ್ಟು ಕರೆದುಕೊಂಡಿತು.

ಲಿಯಾನ್‌ನಲ್ಲಿ ಆಗ ಜುನಿನ್ಯೊ ಇದ್ದರು. ಫ್ರೀ ಕಿಕ್ ಅಂದರೆ ಜಗತ್ತು ನೆನೆಯುವ ಹೆಸರು. ಪ್ಯಾನಿಚ್ ಒಂದು ವರ್ಷ ಅವರ ಪಕ್ಕದಲ್ಲೇ ನಿಂತು ಕಲಿತರು. 2009ರಲ್ಲಿ ಜುನಿನ್ಯೊ ಹೊರಟಾಗ ಅವರ 8ನೇ ನಂಬರಿನ ಜೆರ್ಸಿ ಈ 19ರ ಹುಡುಗನಿಗೆ ಬಂತು. ಅದರ ಬೆಲೆ 2010ರ ಮಾರ್ಚ್ 10ರಂದು ತೀರಿತು. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್, 16 ತಂಡ ಉಳಿದ ಘಟ್ಟ, ಮ್ಯಾಡ್ರಿಡ್‌ನ ಬರ್ನಬೇವ್ ಸ್ಟೇಡಿಯಂ. ರಿಯಲ್ ಮ್ಯಾಡ್ರಿಡ್ ವಿರುದ್ಧದ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಲಿಯಾನ್ 1-0 ಗೆದ್ದಿತ್ತು. ಇಲ್ಲಿ ಆರನೇ ನಿಮಿಷಕ್ಕೇ ಕ್ರಿಸ್ಟಿಯಾನೊ ರೊನಾಲ್ಡೊ ಗೋಲು ಹೊಡೆದು ಲೆಕ್ಕ ಸರಿ ಮಾಡಿದರು. 75ನೇ ನಿಮಿಷಕ್ಕೆ ಪೆನಾಲ್ಟಿ ಬಾಕ್ಸಿನೊಳಗೆ ಚೆಂಡು ಪ್ಯಾನಿಚ್ ಕಾಲಿಗೆ ಸಿಕ್ಕಿತು. ನಿಲ್ಲಿಸಿ ಯೋಚನೆ ಮಾಡಲಿಲ್ಲ, ಬಲವಾಗಿ ಒದ್ದರು. ಗೋಲ್‌ಕೀಪರ್ ಕಸಿಯಾಸ್ ಕೈಗೆ ಸಿಗಲಿಲ್ಲ. ಕೋಟಿ ಕೋಟಿ ಸುರಿದು ಕಟ್ಟಿದ್ದ ರಿಯಲ್ ಮ್ಯಾಡ್ರಿಡ್ ತನ್ನ ಮನೆಯಲ್ಲೇ ಹೊರಬಿತ್ತು. ಲಿಯಾನ್ ಆ ವರ್ಷ ಸೆಮಿಫೈನಲ್‌ವರೆಗೂ ಹೋಯಿತು.

2011ರ ಆಗಸ್ಟ್ 31ರಂದು ರೋಮಾ ಕರೆಯಿತು, 1.1 ಕೋಟಿ ಯೂರೋಗೆ. ಅಲ್ಲಿ ಆಗಷ್ಟೇ ಕೋಚ್ ಆಗಿ ಬಂದಿದ್ದ ಲೂಯಿಸ್ ಎನ್ರಿಕೆಗೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಪಾಸ್ ಕಟ್ಟುವ ಆಟ ಬೇಕಿತ್ತು. ಪ್ಯಾನಿಚ್‌ಗೆ ಅದು ಹುಟ್ಟುಗುಣ. ರೋಮ್‌ನಲ್ಲಿ ಐದು ವರ್ಷ ಇದ್ದರು. ಅದರಲ್ಲಿ 2013ರ ಅಕ್ಟೋಬರಿನ ಒಂದು ವಾರ ಸಾಕು ಅವರ ಆಟ ಅರ್ಥವಾಗಲು. 15ನೇ ತಾರೀಖು ಮಂಗಳವಾರ ಲಿಥುವೇನಿಯಾದ ಕೌನಸ್‌ನಲ್ಲಿ ಬೋಸ್ನಿಯಾ 1-0 ಗೆದ್ದು ಮೊಟ್ಟಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆ ಇಡೀ ದೇಶ ಬೀದಿಗೆ ಬಂದು ಕುಣಿಯಿತು. ಮೂರು ದಿನ ಬಿಟ್ಟು ಶುಕ್ರವಾರ ರೋಮ್‌ನಲ್ಲಿ ನಾಪೊಲಿ ವಿರುದ್ಧ ಪಂದ್ಯ. ರೋಮಾ 2-0 ಗೆದ್ದಿತು. ಎರಡೂ ಗೋಲು ಪ್ಯಾನಿಚ್ ಅವರದ್ದು: ಒಂದು ಗೋಡೆಯ ಮೇಲಿಂದ ಬಾಗಿಸಿದ ಫ್ರೀ ಕಿಕ್, ಇನ್ನೊಂದು ಪೆನಾಲ್ಟಿ. ಆ ಸೀಸನ್‌ನಲ್ಲಿ ರೋಮಾ ಮೊದಲ 10 ಪಂದ್ಯಗಳನ್ನೂ ಗೆದ್ದು ದಾಖಲೆ ಮಾಡಿತು. ಆದರೂ ಕೊನೆಗೆ ಯುವೆಂಟಸ್ ಹಿಂದೆ ಎರಡನೇ ಸ್ಥಾನ.

2014ರ ವಿಶ್ವಕಪ್ ಬೋಸ್ನಿಯಾಗೆ ಬೇಗ ಮುಗಿಯಿತು. ಅರ್ಜೆಂಟೀನಾ ವಿರುದ್ಧ 2-1ರ ಸೋಲು. ನೈಜೀರಿಯಾ ವಿರುದ್ಧ 1-0ರ ಸೋಲು, ಅದರಲ್ಲಿ ಜೆಕೊ ಹೊಡೆದ ಸರಿಯಾದ ಗೋಲನ್ನು ಆಫ್‌ಸೈಡ್ ಅಂತ ತಳ್ಳಿಹಾಕಿದರು. ಇರಾನ್ ವಿರುದ್ಧ 3-1 ಗೆಲುವು ಬಂದಾಗ ತಡವಾಗಿತ್ತು. ಆ ಗೆಲುವಿನ ಎರಡನೇ ಗೋಲು ಪ್ಯಾನಿಚ್ ಅವರದ್ದು.

2016ರಲ್ಲಿ ಯುವೆಂಟಸ್ 3.2 ಕೋಟಿ ಯೂರೋ ಬಿಡುಗಡೆ ಮೊತ್ತ (ಒಪ್ಪಂದದ ನಡುವೆ ಆಟಗಾರನನ್ನು ಬಿಡಿಸಿಕೊಳ್ಳಲು ಮೊದಲೇ ಗೊತ್ತುಮಾಡಿದ ಬೆಲೆ) ಕಟ್ಟಿ ರೋಮಾದಿಂದ ಎತ್ತಿಕೊಂಡಿತು. ರೋಮಾ ಅಭಿಮಾನಿಗಳಿಗೆ ಹೊಟ್ಟೆ ಉರಿಯಿತು, ಸಹಜವೇ. ಒಂದು ವರ್ಷದ ಹಿಂದೆ ಅದೇ ಯುವೆಂಟಸ್ ವಿರುದ್ಧ ಫ್ರೀ ಕಿಕ್ ಗೋಲು ಹೊಡೆದು ಗೆಲ್ಲಿಸಿದ್ದವರು ಇವರೇ ಅಲ್ವಾ. ಯುವೆಂಟಸ್‌ನ ಊರಾದ ಟುರಿನ್‌ನಲ್ಲಿ ಕೋಚ್ ಅಲೆಗ್ರಿ ಅವರನ್ನು ಹಿಂದಕ್ಕೆ ಎಳೆದು ರಕ್ಷಣೆಯ ಮುಂದೆ ನಿಲ್ಲಿಸಿದರು. ಅಲ್ಲಿಂದ ಆಟವನ್ನೆಲ್ಲ ನಡೆಸುವ ಕೆಲಸ. 2015ರಲ್ಲಿ ಪಿರ್ಲೊ ಖಾಲಿ ಮಾಡಿ ಹೋದ ಜಾಗ ಅದು. ಪ್ಯಾನಿಚ್ ಅಲ್ಲಿ ನಾಲ್ಕು ವರ್ಷದಲ್ಲಿ ನಾಲ್ಕು ಲೀಗ್ ಪ್ರಶಸ್ತಿ ಗೆದ್ದರು. 2017ರ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದರು, ರಿಯಲ್ ಮ್ಯಾಡ್ರಿಡ್ ವಿರುದ್ಧ 4-1ರಿಂದ ಸೋತರು.

ಈ ಮೂರು ವರ್ಗಾವಣೆಗಳಲ್ಲೂ ಒಂದು ವಿಷಯ ಸಮಾನ. ಇವರು ಬರುವ ಮೊದಲೇ ಇವರಿಗೆ ಕೆಲಸ ಕಾದಿತ್ತು. ಲಿಯಾನ್‌ನಲ್ಲಿ ಜುನಿನ್ಯೊ ನಂತರ ಯಾರು ಅನ್ನುವ ಪ್ರಶ್ನೆ, ರೋಮಾದಲ್ಲಿ ಹೊಸ ಕೋಚ್‌ನ ಹೊಸ ಆಟ, ಯುವೆಂಟಸ್‌ನಲ್ಲಿ ಪಿರ್ಲೊ ಬಿಟ್ಟ ಜಾಗ. ಪ್ಯಾನಿಚ್ ತರಹದ ಆಟಗಾರನಿಗೆ ಇದು ಬೇರೆಯವರಿಗಿಂತ ಜಾಸ್ತಿ ಮುಖ್ಯ. ಅವರು ವೇಗದ ಓಟಗಾರರಲ್ಲ, ಡಿಕ್ಕಿ ಹೊಡೆದು ಚೆಂಡು ಕಿತ್ತುಕೊಳ್ಳುವವರೂ ಅಲ್ಲ. ಚೆಂಡು ಮತ್ತೆ ಮತ್ತೆ ಕಾಲಿಗೆ ಬರುತ್ತಿದ್ದರೆ ಮಾತ್ರ ಅವರ ಆಟ. ಇಂಥವರನ್ನು ತಂಡಕ್ಕೆ ಸುಮ್ನೆ ಸೇರಿಸಿಕೊಂಡರೆ ಆಗುವುದಿಲ್ಲ, ಅವರ ಸುತ್ತ ತಂಡ ಕಟ್ಟಬೇಕು.

ಲೆಕ್ಕ ಹೀಗಿತ್ತು

ಫುಟ್‌ಬಾಲ್ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಆಟಗಾರ ಒಂದು ಆಸ್ತಿ. ಅವನಿಗೆ ಕೊಟ್ಟ ದುಡ್ಡನ್ನು ಒಂದೇ ವರ್ಷದ ಖರ್ಚಿಗೆ ಬರೆಯುವುದಿಲ್ಲ, ಒಪ್ಪಂದದ ವರ್ಷಗಳಿಗೆ ಹಂಚುತ್ತಾರೆ. ಪ್ರತಿ ವರ್ಷ ಅಷ್ಟಷ್ಟು ಸವಕಳಿ ಕಳೆಯುತ್ತಾರೆ. ಆದರೆ ಮಾರಿದಾಗ ಬರುವ ಲಾಭವನ್ನು ಹಂಚಬೇಕಾಗಿಲ್ಲ, ಪೂರ್ತಿ ಅದೇ ವರ್ಷಕ್ಕೆ ಬರೆಯಬಹುದು. ಕೊಂಡ ಖರ್ಚು ನಿಧಾನ, ಮಾರಿದ ಲಾಭ ತಕ್ಷಣ. ಈ ಪ್ರಕರಣದ ಜೀವಾಳ ಇಷ್ಟೇ.

ಪ್ಯಾನಿಚ್ ಯುವೆಂಟಸ್‌ಗೆ ಬಂದು ನಾಲ್ಕು ವರ್ಷವಾಗಿತ್ತು. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದಿದ್ದ ಬೆಲೆ 2 ಕೋಟಿ ಯೂರೋಗಿಂತ ಕಡಿಮೆ. 6 ಕೋಟಿಗೆ ಮಾರಿದ್ದರಿಂದ ಸುಮಾರು 4.18 ಕೋಟಿ ಯೂರೋ ಲಾಭವಾಯಿತು ಅಂತ ಕ್ಲಬ್ ಪ್ರಕಟಿಸಿತು. ಆರ್ಥರ್‌ಗೆ ಕೊಡಬೇಕಾದ 7.2 ಕೋಟಿ? ಅದನ್ನು ಐದು ವರ್ಷದ ಒಪ್ಪಂದಕ್ಕೆ ಹಂಚಿದರೆ ವರ್ಷಕ್ಕೆ 1.44 ಕೋಟಿ.

ಆಚೆ ಕಡೆಯೂ ಇದೇ ಲೆಕ್ಕ. ಬಾರ್ಸಿಲೋನಾ 2018ರಲ್ಲಿ ಗ್ರೆಮಿಯೊ ಕ್ಲಬ್‌ನಿಂದ ಆರ್ಥರ್‌ನನ್ನು ತಂದಾಗ ಮೂಲ ಬೆಲೆ 3.1 ಕೋಟಿ ಯೂರೋ. ಎರಡು ವರ್ಷದ ಸವಕಳಿ ಕಳೆದು 7.2 ಕೋಟಿಗೆ ಮಾರಿದರೆ ಲಾಭ ಎಷ್ಟು ಅಂತ ಯಾರಾದರೂ ಹೇಳಬಹುದು. ಪ್ಯಾನಿಚ್‌ಗೆ ಕೊಡುವ 6 ಕೋಟಿ ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1.5 ಕೋಟಿ.

ಇಬ್ಬರು ನೆರೆಯವರು ತಮ್ಮ ತಮ್ಮ ಸೈಟುಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ ಅನ್ನಿ. ನಿನ್ನದಕ್ಕೆ 72 ಲಕ್ಷ, ನನ್ನದಕ್ಕೆ 60 ಲಕ್ಷ ಅಂತ ಬರೆದರೂ ಕೈಯಿಂದ ಕೈಗೆ ಹೋಗುವುದು 12 ಲಕ್ಷವೇ. ಆದರೆ ಇಬ್ಬರ ಪುಸ್ತಕದಲ್ಲೂ ದೊಡ್ಡ ಮಾರಾಟ ಕಾಣುತ್ತದೆ.

ಬಾರ್ಸಿಲೋನಾ ಆಡಳಿತಕ್ಕೆ ಇನ್ನೊಂದು ಒತ್ತಡವೂ ಇತ್ತು. ಅದು ಸದಸ್ಯರೇ ಮಾಲೀಕರಾಗಿರುವ ಕ್ಲಬ್. ಸ್ಪೇನಿನ ಆಗಿನ ಕಾನೂನಿನಂತೆ ಅಂಥ ಕ್ಲಬ್ಬಿನ ನಿರ್ದೇಶಕರು ಬಜೆಟ್ಟಿನ 15%ರಷ್ಟಕ್ಕೆ ಜಾಮೀನು ಕೊಡಬೇಕಿತ್ತು, ನಷ್ಟವಾದರೆ ಸ್ವಂತ ಆಸ್ತಿಯಿಂದ ಹೊಣೆ ಹೊರಬೇಕಾಗಬಹುದಿತ್ತು. ಕೋವಿಡ್‌ನಿಂದ ಟಿಕೆಟ್ ದುಡ್ಡಿಲ್ಲ, ಮ್ಯೂಸಿಯಂ ಬಾಗಿಲು ಹಾಕಿದೆ, ಸಂಬಳ ಮಾತ್ರ ಹಾಗೇ ಇದೆ. ಅಧ್ಯಕ್ಷ ಬಾರ್ತೊಮೇವ್ ಆಡಳಿತಕ್ಕೆ ಜೂನ್ 30ರ ಅಂಕಿ ಎಷ್ಟು ಮುಖ್ಯವಾಗಿತ್ತು ಅಂತ ಇದರಿಂದ ಊಹಿಸಬಹುದು. ಇಷ್ಟೆಲ್ಲ ಮಾಡಿಯೂ ಆ ವರ್ಷದ ಲೆಕ್ಕ 9.7 ಕೋಟಿ ಯೂರೋ ನಷ್ಟದಲ್ಲೇ ಮುಗಿಯಿತು.

ಆರ್ಥರ್‌ಗೆ ಬಾರ್ಸಿಲೋನಾ ಬಿಡುವ ಮನಸ್ಸೇ ಇರಲಿಲ್ಲ. ಒಪ್ಪಿಸಿ ಕಳಿಸಿದರು. ಆಗಸ್ಟ್‌ನಲ್ಲಿ ಚಾಂಪಿಯನ್ಸ್ ಲೀಗ್ ಆಡಲು ಬಾ ಅಂದಾಗ ಅವರು ಬ್ರೆಜಿಲ್‌ನಿಂದ ವಾಪಸ್ಸೇ ಬರಲಿಲ್ಲ.

ಕೋಚ್‌ಗಳು ಹೋದರು, ಆಟಗಾರ ಬಂದ

ಮುಂದಿನ ಎಂಟು ವಾರಗಳಲ್ಲಿ ಎಲ್ಲವೂ ತಲೆಕೆಳಗಾಯಿತು. ಜುಲೈ 26ರಂದು ಯುವೆಂಟಸ್ ಲೀಗ್ ಗೆದ್ದಿತು. ಆಗಸ್ಟ್ 7ರಂದು ಚಾಂಪಿಯನ್ಸ್ ಲೀಗ್‌ನಿಂದ ಹೊರಬಿತ್ತು, ಅದೂ ಪ್ಯಾನಿಚ್ ಅವರ ಹಳೇ ಕ್ಲಬ್ ಲಿಯಾನ್ ಕೈಯಲ್ಲಿ. ಮರುದಿನ ಕೋಚ್ ಸರ್ರಿ ಅವರನ್ನು ತೆಗೆದು ಪಿರ್ಲೊ ಅವರನ್ನು ತಂದರು. ಪ್ಯಾನಿಚ್ ಆಡುತ್ತಿದ್ದ ಜಾಗದ ಒಳಗುಟ್ಟು ಜಗತ್ತಿನಲ್ಲಿ ಯಾರಿಗಿಂತಲೂ ಚೆನ್ನಾಗಿ ಗೊತ್ತಿದ್ದ ಮನುಷ್ಯ ಟುರಿನ್‌ಗೆ ಕೋಚ್ ಆಗಿ ಬಂದಾಗ ಪ್ಯಾನಿಚ್ ಆಗಲೇ ಮಾರಾಟವಾಗಿದ್ದರು. ಈ ಪ್ರಕರಣದಲ್ಲಿ ನನಗೆ ಜಾಸ್ತಿ ಬೇಸರ ತರಿಸುವ ವಿಷಯ ಇದು.

ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ ಬಾರ್ಸಿಲೋನಾ ಬಾಯರ್ನ್ ವಿರುದ್ಧ 8-2ರಿಂದ ಸೋತಿತು. ಕೋಚ್ ಸೆತಿಯೆನ್ ಹೊರಗೆ, ರೊನಾಲ್ಡ್ ಕೂಮನ್ ಒಳಗೆ. ಅಂದರೆ ಪ್ಯಾನಿಚ್‌ರನ್ನು ಕೊಂಡಾಗ ಇದ್ದ ಕೋಚ್ ಈಗ ಇಲ್ಲ. ಈಗ ಇರುವ ಕೋಚ್ ಅವರನ್ನು ಕೇಳಿದವರಲ್ಲ. ಅಷ್ಟರಲ್ಲಿ ಪ್ಯಾನಿಚ್‌ಗೆ ಕೋವಿಡ್ ತಗುಲಿತು. ಹೊಸ ಕೋಚ್ ತಂಡದ ರೂಪ ಗೊತ್ತುಮಾಡುತ್ತಿದ್ದ ಮೊದಲ ದಿನಗಳ ಅಭ್ಯಾಸಕ್ಕೆ ಅವರು ಇರಲೇ ಇಲ್ಲ.

ಜಾಗವಾದರೂ ಎಲ್ಲಿತ್ತು? ರಕ್ಷಣೆಯ ಮುಂದೆ ಬುಸ್ಕೆಟ್ಸ್. ಪಕ್ಕದಲ್ಲಿ ಡಿ ಯಾಂಗ್, ಕೂಮನ್ ಅವರದೇ ದೇಶದವರು, ನೆದರ್‌ಲ್ಯಾಂಡ್ಸ್ ತಂಡದಲ್ಲಿ ಅವರ ಕೈಕೆಳಗೇ ಆಡಿದ್ದವರು. ಜೊತೆಗೆ ಲಾಸ್ ಪಾಲ್ಮಾಸ್‌ನಿಂದ ಬಂದ 17 ವರ್ಷದ ಪೆದ್ರಿ. ಅಕ್ಟೋಬರ್ 28ರಂದು ಬಾರ್ಸಿಲೋನಾ ಟುರಿನ್‌ಗೆ ಹೋಗಿ ಯುವೆಂಟಸ್ ವಿರುದ್ಧ 2-0 ಗೆದ್ದಾಗ ಪ್ಯಾನಿಚ್ ಮೊದಲ ಹನ್ನೊಂದರಲ್ಲಿದ್ದರು. ಆದರೆ ಆ ರಾತ್ರಿ ಎಲ್ಲರ ಬಾಯಲ್ಲಿದ್ದ ಹೆಸರು ಪೆದ್ರಿ. ಡಿಸೆಂಬರ್ 8ರಂದು ಯುವೆಂಟಸ್ ಬಾರ್ಸಿಲೋನಾಗೆ ಬಂದು 3-0 ಗೆದ್ದಿತು. ಅಲ್ಲಿಂದ ಪ್ಯಾನಿಚ್‌ಗೆ ಅವಕಾಶ ಕಡಿಮೆಯಾಗುತ್ತಾ ಹೋಯಿತು. ಅಕಾಡೆಮಿಯಿಂದ ಬಂದ ಹದಿಹರೆಯದ ಇಲೈಶ್ ಮೊರಿಬಾಗೂ ಅವರಿಗಿಂತ ಮೊದಲು ಕರೆ ಬರುತ್ತಿತ್ತು. ವರ್ಷದ ಕೊನೆಗೆ ಲೀಗ್‌ನಲ್ಲಿ 19 ಪಂದ್ಯ, ಅದರಲ್ಲಿ ಮೊದಲಿನಿಂದ ಆಡಿದ್ದು ಆರೇ. ಒಂದೂ ಗೋಲಿಲ್ಲ.

2021ರ ಸೆಪ್ಟೆಂಬರ್ 2ರಂದು ಟರ್ಕಿಯ ಬೆಶಿಕ್ತಾಶ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಹೋದರು. ಹೋಗುವಾಗ ಸ್ಪೇನಿನ ಪತ್ರಿಕೆಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟರು. ಆಡಿಸದಿರುವುದು ಕೋಚ್‌ನ ಹಕ್ಕು, ಆದರೆ ಕಾರಣ ಮುಖಕ್ಕೆ ಹೇಳಬೇಕಿತ್ತು, ಕೂಮನ್ ಗೌರವ ತೋರಿಸಲಿಲ್ಲ ಅನ್ನುವುದು ಅವರ ದೂರಿನ ಸಾರ.

ತಪ್ಪು ಯಾರದ್ದು

ಕೂಮನ್ ಒಬ್ಬರನ್ನೇ ಬೈಯುವುದು ನ್ಯಾಯವಲ್ಲ. ಅವರಿಗೆ ಬುಸ್ಕೆಟ್ಸ್, ಡಿ ಯಾಂಗ್, ಪೆದ್ರಿ ಇದ್ದರು. ಆ ಮೂವರನ್ನು ಆಡಿಸಿದ್ದು ತಪ್ಪು ಅಂತ ಯಾರೂ ಹೇಳಲಾರರು. ಪ್ಯಾನಿಚ್ ಆಟದಲ್ಲೂ ಕುಸಿತ ಕಂಡಿತ್ತು. ಸರ್ರಿ ಬಂದ ಹೊಸತರಲ್ಲಿ ಆಟವೆಲ್ಲ ಇವರ ಕಾಲಿನ ಮೂಲಕವೇ ಹೋಗಬೇಕು ಅಂದಿದ್ದರು. ಲಾಕ್‌ಡೌನ್ ಮುಗಿದು ಮರಳಿ ಬಂದಾಗ ಆ ಲಯ ಇರಲಿಲ್ಲ. 30 ದಾಟಿದ, ಓಟ ಕಡಿಮೆ ಇರುವ ಮಿಡ್‌ಫೀಲ್ಡರ್‌ಗೆ 6 ಕೋಟಿ ಜಾಸ್ತಿ ಅಂತ ಆಗಲೇ ಹಲವರು ಹೇಳಿದ್ದರು.

ಪ್ಯಾನಿಚ್ ಸ್ವತಃ ಬಾರ್ಸಿಲೋನಾಗೆ ಹೋಗಲು ಒಪ್ಪಿದ್ದರು, ಯಾರೂ ತಳ್ಳಿರಲಿಲ್ಲ. ಮೆಸ್ಸಿ ಜೊತೆ ಆಡುವ ಅವಕಾಶ ಬಂದರೆ ಯಾರು ಬೇಡ ಅನ್ನುತ್ತಾರೆ?

ಆದರೆ ನನ್ನ ಪ್ರಕಾರ ಮೂಲ ತಪ್ಪು ಜೂನ್ ತಿಂಗಳಲ್ಲೇ ಆಗಿತ್ತು. ಈ ಬೆಲೆಯ ಆಟಗಾರನನ್ನು ತರುವಾಗ ಯಾವ ಕೋಚ್, ಯಾವ ಜಾಗ, ಯಾರ ಬದಲಿಗೆ ಅನ್ನುವ ಮೂರು ಪ್ರಶ್ನೆಗೆ ಉತ್ತರ ಇರಬೇಕು. ಇಲ್ಲಿ ಬುಸ್ಕೆಟ್ಸ್ ಹೋಗುತ್ತಿರಲಿಲ್ಲ. ಇದ್ದ ಕೋಚ್‌ನ ಕುರ್ಚಿ ಅಲ್ಲಾಡುತ್ತಿದೆ ಅಂತ ಜೂನ್‌ನಲ್ಲೇ ಎಲ್ಲರಿಗೂ ಗೊತ್ತಿತ್ತು. ಉತ್ತರ ಸಿಕ್ಕಿದ್ದು ತಾರೀಖಿನ ಪ್ರಶ್ನೆಗೆ ಮಾತ್ರ. ಇದೇ ಬಾರ್ಸಿಲೋನಾ ಪ್ಯಾನಿಚ್‌ಗೆ 40 ಕೋಟಿ ಯೂರೋ ಬಿಡುಗಡೆ ಮೊತ್ತ ಬರೆದಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಅದೇ ಆಟಗಾರನನ್ನು ಬಿಟ್ಟುಕೊಟ್ಟಿತು.

ಈ ವಾದಕ್ಕೆ ದೊಡ್ಡ ಸಾಕ್ಷಿ ಆರ್ಥರ್. ಅವರಿಗೆ ವಯಸ್ಸಿನ ಸಮಸ್ಯೆ ಇರಲಿಲ್ಲ. ಆದರೂ ಯುವೆಂಟಸ್‌ನಲ್ಲಿ ನೆಲೆಯೂರಲಿಲ್ಲ. ಗಾಯಗಳೂ ಕಾಡಿದವು. 2022ರಲ್ಲಿ ಲಿವರ್‌ಪೂಲ್‌ಗೆ ಲೋನ್ ಮೇಲೆ ಹೋಗಿ, ಮೊದಲ ತಂಡದ ಪರ ಇಡೀ ಸೀಸನ್‌ನಲ್ಲಿ ಆಡಿದ್ದು 13 ನಿಮಿಷ. ಆಮೇಲೆ ಫಿಯೊರೆಂಟಿನಾ, ಜಿರೋನಾ, ಕೊನೆಗೆ ಶುರು ಮಾಡಿದ ಗ್ರೆಮಿಯೊಗೇ ವಾಪಸ್, ಎಲ್ಲವೂ ಲೋನ್ ಮೇಲೆ. ಒಬ್ಬರು 23, ಇನ್ನೊಬ್ಬರು 30. ಆಟ ಬೇರೆ, ದೇಶ ಬೇರೆ. ಒಂದೇ ವ್ಯವಹಾರದಲ್ಲಿ ಇಬ್ಬರೂ ಜಾಗ ಕಳೆದುಕೊಂಡರು ಅಂದಮೇಲೆ ಬರೀ ಆಟಗಾರರ ಕಡೆ ಬೆರಳು ತೋರಿಸುವುದು ಹೇಗೆ?

ಆಮೇಲಿನ ಊರುಗಳು

ಬೆಶಿಕ್ತಾಶ್‌ನ ವರ್ಷವೂ ಸುಖವಾಗಿರಲಿಲ್ಲ. ತಂಡ ಚಾಂಪಿಯನ್ಸ್ ಲೀಗ್ ಗುಂಪಿನ ಆರೂ ಪಂದ್ಯ ಸೋತಿತು. 2022ರ ಬೇಸಿಗೆಯಲ್ಲಿ ಬಾರ್ಸಿಲೋನಾಗೆ ಮರಳಿದರು. ಹೊಸ ಕೋಚ್ ಶಾವಿ ಸೀಸನ್ ಪೂರ್ವದ ಪಂದ್ಯಗಳಲ್ಲಿ ಆಡಿಸಿದರು, ಆಟವನ್ನು ಮೆಚ್ಚಿಯೂ ಮಾತಾಡಿದರು. ಆದರೆ ಕ್ಲಬ್ ಅಷ್ಟರಲ್ಲಿ ಸಂಬಳದ ಮಿತಿಯ ಕಟ್ಟುಪಾಡಿಗೆ ಸಿಕ್ಕಿಕೊಂಡಿತ್ತು. ಹೊಸಬರ ಹೆಸರು ನೋಂದಾಯಿಸಬೇಕಾದರೆ ಹಳೇ ದೊಡ್ಡ ಸಂಬಳಗಳು ಹೋಗಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಪ್ಯಾನಿಚ್ ಶಾರ್ಜಾ ಕ್ಲಬ್ ಸೇರಿದರು. ನಮ್ಮಲ್ಲಿ ಶಾರ್ಜಾ ಅಂದರೆ ಕ್ರಿಕೆಟ್ ನೆನಪಿಗೆ ಬರುತ್ತದೆ. ಅಲ್ಲಿ ಫುಟ್‌ಬಾಲ್‌ಗೂ ಒಳ್ಳೆಯ ಬೇರಿದೆ. ಮೊದಲ ಸೀಸನ್‌ನಲ್ಲೇ ದೇಶೀ ಕಪ್‌ಗಳು ಬಂದವು.

2024ರಲ್ಲಿ ಸಿಎಸ್‌ಕೆಎ ಮಾಸ್ಕೋ ಸೇರಿದಾಗ ವಯಸ್ಸು 34. ಉಕ್ರೇನ್ ಯುದ್ಧದಿಂದಾಗಿ ರಷ್ಯಾದ ಕ್ಲಬ್‌ಗಳಿಗೆ ಯುರೋಪಿಯನ್ ಟೂರ್ನಿಗಳ ಬಾಗಿಲು ಮುಚ್ಚಿ ಎರಡು ವರ್ಷ ದಾಟಿತ್ತು. ಯುದ್ಧದ ಹೊಸ್ತಿಲಲ್ಲಿ ಮನೆ ಬಿಟ್ಟ ಕುಟುಂಬದ ಮಗ ಅಲ್ಲಿಗೆ ಹೋಗಬೇಕಿತ್ತೇ? ಈ ಪ್ರಶ್ನೆಯನ್ನು ಕೇಳುವುದು ತಪ್ಪಲ್ಲ. ಅದು ನನಗೂ ಕಸಿವಿಸಿ ತಂದ ಆಯ್ಕೆ. ಆಟದ ಮಟ್ಟಿಗೆ ನೋಡಿದರೆ ಅಲ್ಲಿ ಕೋಚ್ ಆಗಿದ್ದವರು ಸರ್ಬಿಯಾದ ಮಾರ್ಕೊ ನಿಕೊಲಿಚ್, ಹಳೇ ಯುಗೊಸ್ಲಾವಿಯಾದ ನೆಲದವರು. 2025ರ ಜೂನ್ 1ರಂದು ತಂಡ ರಷ್ಯನ್ ಕಪ್ ಗೆದ್ದಿತು.

ಲೆಕ್ಕದ ವಿಷಯವೂ ಅಲ್ಲಿಗೇ ನಿಲ್ಲಲಿಲ್ಲ. ಆಟಗಾರರ ಮಾರಾಟದ ಲಾಭವನ್ನು ಉಬ್ಬಿಸಿ ತೋರಿಸಿದ ಆರೋಪದಲ್ಲಿ ಯುವೆಂಟಸ್ ಇಟಲಿಯಲ್ಲಿ ದೊಡ್ಡ ವಿಚಾರಣೆ ಎದುರಿಸಿತು. 2022ರ ನವೆಂಬರ್‌ನಲ್ಲಿ ಅಧ್ಯಕ್ಷ ಅಂದ್ರೆಯಾ ಅನ್ಯೆಲ್ಲಿ ಸಮೇತ ಇಡೀ ಆಡಳಿತ ಮಂಡಳಿ ರಾಜೀನಾಮೆ ಕೊಟ್ಟಿತು. 2023ರ ಜನವರಿಯಲ್ಲಿ 15 ಅಂಕ ಕಡಿತ, ಮೇಲ್ಮನವಿಯ ನಂತರ ಮೇ ತಿಂಗಳಲ್ಲಿ ಅದು 10 ಅಂಕಕ್ಕೆ ನಿಂತಿತು. ಆ ಶಿಕ್ಷೆ ಹಲವು ವರ್ಗಾವಣೆಗಳ ಒಟ್ಟು ಪದ್ಧತಿಗೆ. ಪ್ಯಾನಿಚ್–ಆರ್ಥರ್ ವ್ಯವಹಾರವೊಂದೇ ಕಾನೂನುಬಾಹಿರ ಅಂತ ತೀರ್ಪಾಗಿದೆ ಅಂತ ಯಾರೂ ಓದಿಕೊಳ್ಳಬಾರದು. ಆಟಗಾರನ ಸರಿಯಾದ ಬೆಲೆ ಎಷ್ಟು ಅಂತ ತೂಗುವ ತಕ್ಕಡಿ ಯಾರ ಹತ್ತಿರವೂ ಇಲ್ಲ. 2022ರಲ್ಲಿ ಮೊದಲ ಸಲ ವಿಚಾರಣೆ ನಡೆದಾಗ ಆರೋಪ ಹೊತ್ತ ಕ್ಲಬ್‌ಗಳೆಲ್ಲ ಖುಲಾಸೆಯಾದದ್ದೂ ಇದೇ ಕಾರಣಕ್ಕೆ.

2023ರಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ತನ್ನ ನಿಯಮಗಳನ್ನು ಬಿಗಿ ಮಾಡಿತು. ಒಪ್ಪಂದ ಎಷ್ಟೇ ಉದ್ದವಿದ್ದರೂ ಖರೀದಿ ಬೆಲೆಯನ್ನು ಐದು ವರ್ಷಕ್ಕಿಂತ ಹೆಚ್ಚಿಗೆ ಹಂಚುವ ಹಾಗಿಲ್ಲ. ಆಟಗಾರರ ಅದಲುಬದಲಿನ ಲಾಭವನ್ನು ಲೆಕ್ಕ ಹಾಕುವ ಬಗೆಗೂ ಕಡಿವಾಣ ಬಿತ್ತು. ಹೊಸ ಕೋಚ್‌ಗೆ ಆ ಆಟಗಾರ ಬೇಕೋ ಬೇಡವೋ ಅಂತ ಕೇಳುವ ನಿಯಮವನ್ನು ಮಾತ್ರ ಯಾರೂ ಬರೆಯಲಾರರು. ಅದನ್ನು ಕ್ಲಬ್ಬಿನ ಒಳಗಿನವರೇ ಸಹಿ ಹಾಕುವ ಮೊದಲು ಕೇಳಿಕೊಳ್ಳಬೇಕು.